ಮೂರಕ್ಕ ಮುಟ್ಟದ ಸಾಲು

ನನ್ನ ನಾದಿನಿ ಕೀಬೋರ್ಡಿನಿಂದ ಒಂದು ಕೀಲಿ ಕಿತ್ತದ್ದನ್ನು ಕಣ್ಣಾರೆ ಕಂಡವನು ನಾನೊಬ್ಬನೇ. ಸ್ಕ್ರೂಡ್ರೈವರ್ ಕೊಟ್ಟವನೂ ನಾನೇ. ಹಾಗಾಗಿ ಸಾಕ್ಷಿ ಅನ್ನುವುದಕ್ಕಿಂತ ಪಾಲುದಾರ ಅನ್ನುವುದು ಸರಿ. ಹಲ್ಲಿನ ಡಾಕ್ಟರು ಕೂಡ ಅಷ್ಟು ನೆಮ್ಮದಿಯಿಂದ ಕೀಳಲಾರರು. ಎಡಗಡೆ ಅಂಚಿನಲ್ಲಿದ್ದ ಟ್ಯಾಬ್ ಕೀಲಿಯ ಕೆಳಗೆ ತುದಿ ತೂರಿಸಿ ಒಂದು ಸಲ ಮೀಟಿದಳು. ಅದು ಹಾರಿ ನನ್ನ ಟೀ ಲೋಟದ ಪಕ್ಕ ಬಿತ್ತು. ಹೆಕ್ಕಿ ಗುಂಡುಸೂಜಿ ಹಾಕುವ ತಗಡಿನ ಡಬ್ಬಿಯಲ್ಲಿಟ್ಟು, "ಹ್ಞಾಂ, ಈಗ ಕೂತು ಕೆಲಸ ಮಾಡಬಹುದು" ಅಂದಳು.

"ಅದು ನಿನಗೇನು ಅನ್ಯಾಯ ಮಾಡಿತ್ತು ತಾಯಿ?" ಅಂದೆ.

"ಒಂದು ಸಲ ಒತ್ತಿದರೆ ಎಷ್ಟು ಜಾಗ ಬಿಡಬೇಕು ಅಂತ ಅದೇ ತೀರ್ಮಾನ ಮಾಡುತ್ತೆ ಭಾವ. ನನ್ನ ಸಾಲಿನ ಮುಂದೆ ಎಷ್ಟು ಜಾಗ ಇರಬೇಕು ಅಂತ ನನಗೆ ಗೊತ್ತಿಲ್ವಾ? ಇದ್ಯಾವುದು ಮಧ್ಯಸ್ಥಿಕೆಗೆ?"

ಅವಳು ಬಿಡುತ್ತಿದ್ದದ್ದು ಮೂರು ಜಾಗ. ಎರಡಲ್ಲ, ನಾಲ್ಕಲ್ಲ. ಅಗಲವಾದ ಕೀಲಿಯನ್ನು ಹೆಬ್ಬೆರಳಿನಿಂದ ಟಕ್ ಟಕ್ ಟಕ್ ಅಂತ ಮೂರು ಸಲ ಒತ್ತಿಯೇ ಸಾಲು ಶುರು. ಬಸ್ ಡಿಪೋದಲ್ಲಿ ಅವಳ ಕೋಣೆಯ ಮುಂದೆ ಹಾದುಹೋಗುವವರಿಗೆಲ್ಲ ಆ ಸದ್ದು ಎಷ್ಟು ರೂಢಿಯಾಗಿತ್ತೆಂದರೆ, ಅವಳು ರಜೆ ಹಾಕಿದ ದಿನ ಗೋಡೆ ಗಡಿಯಾರವೂ ತಬ್ಬಿಬ್ಬಾಗಿ ನಿಂತುಬಿಡುತ್ತಿತ್ತು. ಡ್ರೈವರುಗಳು ಅವಳಿಗೆ 'ಮೂರಕ್ಕ' ಅಂತ ಹೆಸರಿಟ್ಟರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿಯಿತು.

ಈ ಮೂರರ ಹುಚ್ಚು ಹಿಡಿದದ್ದು ಪ್ರೆಸ್ಸಿನಲ್ಲಿ. ಹತ್ತೊಂಬತ್ತನೇ ವಯಸ್ಸಿಗೆ ಅವಳು ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದಳು. ಮೆಟ್ಟಿಲ ಕೆಳಗಿನ ಕೋಣೆ. ಎದ್ದರೆ ತಲೆಗೆ ಮೆಟ್ಟಿಲು, ಕೂತರೆ ಮಂಡಿಗೆ ಮೊಳೆಗಳ ಪೆಟ್ಟಿಗೆ. ಸೀಸದ ಅಕ್ಷರಗಳೆಲ್ಲ ಕನ್ನಡಿಯೊಳಗಿನ ಹಾಗೆ ತಿರುಗುಮುರುಗು, ಅವನ್ನು ಜೋಡಿಸುವುದು ತಲೆಕೆಳಗಾಗಿ. ಆರು ತಿಂಗಳಲ್ಲಿ ಅವಳಿಗೆ ನೇರವಾದ ಬರಹವೇ ವಕ್ರವಾಗಿ ಕಾಣತೊಡಗಿತು. ಎದುರಿಗೆ ಕೂತವನ ಕೈಯಲ್ಲಿದ್ದ ಪತ್ರಿಕೆಯನ್ನು ಅವನಿಗಿಂತ ಮೊದಲು ಓದಿ ಮುಗಿಸಿ, "ತಿರುಗಿಸಿ ಸ್ವಾಮಿ, ಎಷ್ಟು ಹೊತ್ತು?" ಅನ್ನುತ್ತಿದ್ದಳು. ಇದರಲ್ಲಿ ಉತ್ಪ್ರೇಕ್ಷೆ ಇದ್ದರೆ ನನ್ನ ಮೀಸೆ ಬೋಳಿಸಿ. ನನಗೆ ಮೀಸೆ ಇಲ್ಲ, ಅದು ಬೇರೆ ಮಾತು.

ಪ್ರೆಸ್ಸಿನ ಫೋರ್‌ಮನ್ ಹಳೇ ಹುಲಿ. ಪ್ಯಾರಾ ಶುರುವಾಗುವಲ್ಲಿ ಅಕ್ಷರವಿಲ್ಲದ ಮೂರು ಖಾಲಿ ಸೀಸದ ತುಂಡು ಇಡಬೇಕು ಅನ್ನುವುದು ಅವನ ಕಟ್ಟಪ್ಪಣೆ. "ಎರಡಿಟ್ಟರೆ ಮರೆತ ಹಾಗೆ ಕಾಣುತ್ತೆ, ನಾಲ್ಕಿಟ್ಟರೆ ಮೆರೆದ ಹಾಗೆ ಕಾಣುತ್ತೆ" ಅನ್ನುತ್ತಿದ್ದ. ಇನ್ನೊಂದು ಪಾಠವನ್ನೂ ಕಲಿಸಿದ: ಪ್ರೂಫಿನಲ್ಲಿ ಒಂದು ಸಾಲು ತಿದ್ದಿದರೆ ಆ ಸಾಲನ್ನು ಮೂರು ಸಲ ಓದು. ಕೈ ಮುಟ್ಟದ ಸಾಲನ್ನು ಓದಿ ಕಣ್ಣು ಸವೆಸಬೇಡ. ಸೀಸ ಅಂದರೆ ಸೀಸ, ನೀನು ಮುಟ್ಟದೆ ಅದು ಅಲ್ಲಾಡುವುದಿಲ್ಲ. ಫೋರ್‌ಮನ್ ಹೇಳಿದ್ದು ನೂರಕ್ಕೆ ನೂರು ನಿಜ. ಸೀಸದ ವಿಷಯದಲ್ಲಿ.

ಹತ್ತು ವರ್ಷಕ್ಕೆ ಪ್ರೆಸ್ಸಿನ ಬಾಗಿಲು ಮುಚ್ಚಿತು. ಆಗ ನಾನು ಡಿಪೋದ ಗೇಟಿನಲ್ಲಿ ಟೈಮ್‌ಕೀಪರ್. ಬಸ್ಸು ಹೊರಟ ಹೊತ್ತು, ಬಂದ ಹೊತ್ತು ಬರೆಯುವುದು ನನ್ನ ಕೆಲಸ. ಮನೆಯಲ್ಲಿ ನನ್ನ ಹೆಂಡತಿ, "ನನ್ನ ತಂಗಿಗೊಂದು ದಾರಿ ತೋರಿಸದಿದ್ದರೆ ನಿಮಗೆ ಅಡುಗೆಮನೆಯ ದಾರಿ ಮರೆತುಹೋಗುತ್ತೆ" ಅಂದಳು. ಹಸಿದ ಹೊಟ್ಟೆಗಿಂತ ದೊಡ್ಡ ಶಿಫಾರಸು ಪತ್ರ ಇಲ್ಲ. ನಾದಿನಿ ಡ್ಯೂಟಿ ಗುಮಾಸ್ತೆಯಾಗಿ ಬಂದಳು. ಯಾವ ಡ್ರೈವರಿಗೆ ಯಾವ ಬಸ್ಸು ಅಂತ ದಿನವೂ ಕೈಯಲ್ಲಿ ಪಟ್ಟಿ ಬರೆಯಬೇಕು. ಡಿಪೋಗೆ ಕಂಪ್ಯೂಟರು ಬಂದಾಗ ಅದರ ಹತ್ತಿರ ಹೋದವಳು ಅವಳೊಬ್ಬಳೇ; ಉಳಿದವರೆಲ್ಲ ಅದು ಕಚ್ಚುತ್ತೆ ಅಂದುಕೊಂಡಿದ್ದರು. ಪುಸ್ತಕ ಎದುರಿಗಿಟ್ಟುಕೊಂಡು, ಹದಿನಾಲ್ಕು ತಿಂಗಳು ಹೆಣಗಿ, ಆ ಪಟ್ಟಿ ತಾನೇ ತಯಾರಾಗುವಂತೆ ಒಂದು ಪ್ರೋಗ್ರಾಮು ಬರೆದಳು. ಬೆಳಿಗ್ಗೆ ಐದಕ್ಕೆ ಯಂತ್ರವೇ ಎದ್ದು ನಲವತ್ತೆರಡು ಡ್ರೈವರುಗಳಿಗೆ ನಲವತ್ತೆರಡು ಚೀಟಿ ಮುದ್ರಿಸಿ ಇಡುವುದು. ಹನ್ನೊಂದು ವರ್ಷ ಅದು ಒಂದೇ ಒಂದು ಚೀಟಿ ತಪ್ಪಲಿಲ್ಲ. ನಾನು ಆ ಹನ್ನೊಂದು ವರ್ಷದಲ್ಲಿ ಗೇಟನ್ನೇ ಎರಡು ಸಲ ತಪ್ಪಿ ಪಕ್ಕದ ಗೋದಾಮಿಗೆ ಹೋಗಿದ್ದೇನೆ.

ಆ ಪ್ರೋಗ್ರಾಮಿನ ಗುಟ್ಟೆಲ್ಲ ಇರುವುದು ಸಾಲಿನ ಮುಂದಿನ ಖಾಲಿ ಜಾಗದಲ್ಲಿ. ನನಗೆ ಅವಳು ಅರ್ಥ ಮಾಡಿಸಿದ್ದು ಹೀಗೆ: "ಒಂದು ಸಾಲು ಮನೆ ಯಜಮಾನ ಅಂದುಕೊಳ್ಳಿ ಭಾವ. ಅದರ ಕೆಳಗೆ ಮೂರು ಜಾಗ ಒಳಗೆ ಸರಿದು ನಿಂತ ಸಾಲುಗಳೆಲ್ಲ ಅದರ ಸಂಸಾರ. ಯಜಮಾನ ಹೇಳಿದರೆ ಅವು ಕೆಲಸ ಮಾಡುತ್ತವೆ, ಇಲ್ಲದಿದ್ದರೆ ಇಲ್ಲ. ಒಂದು ಸಾಲು ಪಕ್ಕಕ್ಕೆ ಸರಿಯಿತೋ, ಅದು ಬೇರೆ ಮನೆ ಸೇರಿಕೊಂಡಿತು ಅಂತ ಲೆಕ್ಕ."

"ಅಂದರೆ ಮನೆ ಅಳಿಯ."

"ಹೂಂ. ಸಾಲಿನ ಮಾತು ಅದೇ, ಯಜಮಾನ ಬೇರೆ."

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಡಿಪೋಗೆ ಹೊಸ ಯಂತ್ರಗಳು ಬಂದವು, ಅವುಗಳ ಜೊತೆ ಹೊಸ ಎಡಿಟರು. ಎಡಿಟರು ಅಂದರೆ ಪತ್ರಿಕೆ ಸಂಪಾದಕರಲ್ಲ. ಪ್ರೋಗ್ರಾಮಿನ ಸಾಲುಗಳನ್ನು ಟೈಪು ಮಾಡಿ ತಿದ್ದುವ ಕಂಪ್ಯೂಟರಿನೊಳಗಿನ ಹಲಗೆ. ಹಳೆಯ ಎಡಿಟರು ಮೂಕ ಎತ್ತಿನಂಥದ್ದು, ಹೇಳಿದಷ್ಟು ಮಾಡಿ ಸುಮ್ಮನಿರುತ್ತಿತ್ತು. ಹೊಸದೋ, ಎರಡು ದಿನಕ್ಕೆಂದು ಬಂದ ಸೋದರತ್ತೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತನ್ನ ಇಷ್ಟದಂತೆ ಜೋಡಿಸಿಟ್ಟ ಹಾಗೆ. ಸಾಲು ಮುಗಿಸಿ ಎಂಟರ್ ಒತ್ತಿದರೆ ಮುಂದಿನ ಸಾಲು ಎಲ್ಲಿ ನಿಲ್ಲಬೇಕೆಂದು ಅದೇ ಊಹಿಸಿ ನಿಲ್ಲಿಸುವುದು. ಮೂರು ಜಾಗ ಕಂಡರೆ ಅದಕ್ಕೆ ಮೈ ಉರಿ; ನಾಲ್ಕು ಮಾಡುವುದು. ಅವಳು ಹಿಂದಕ್ಕೆ ಎಳೆಯುವುದು, ಅದು ಮುಂದಕ್ಕೆ ತಳ್ಳುವುದು. ಎತ್ತು ಏರಿಗೆ, ಕೋಣ ನೀರಿಗೆ. ಒಂದು ಮಧ್ಯಾಹ್ನ ಒಂದೇ ಸಾಲನ್ನು ಇಬ್ಬರೂ ಎಳೆದಾಡಿದ ರಭಸಕ್ಕೆ ಪರದೆಯ ಗಾಜು ಬಿಸಿಯಾಗಿ ನಾನು ಅದರ ಮೇಲೆ ಬ್ರೆಡ್ಡು ಸುಟ್ಟುಕೊಂಡೆ.

ಅವಳು ಯಂತ್ರ ರಿಪೇರಿಯವನನ್ನು ಕರೆಸಿದಳು. ಯಾವಾಗಲೂ ಬಾಯಲ್ಲಿ ಪೆನ್ಸಿಲ್ ಕಚ್ಚಿಕೊಂಡೇ ಮಾತಾಡುವ ನಲವತ್ತರ ಆಸಾಮಿ ಅವನು.

"ಇದು ನಾನು ಕೇಳದೇ ಇರೋ ಸಹಾಯ ಮಾಡುತ್ತೆ. ನಿಲ್ಲಿಸಿ" ಅಂದಳು.

"ಅದು ಒಳ್ಳೇದಕ್ಕೇ ಮಾಡೋದು ಮೇಡಂ. ಜಗತ್ತೆಲ್ಲ ನಾಲ್ಕು ಬಿಡುತ್ತೆ."

"ಜಗತ್ತು ನಮ್ಮ ಡಿಪೋದಲ್ಲಿ ಡ್ಯೂಟಿ ಹಾಕುತ್ತಾ?"

"ನೋಡ್ತೀನಿ, ಎಲ್ಲೋ ಒಂದು ಸ್ವಿಚ್ ಇರುತ್ತೆ" ಅಂದು ಹೋದವನು ನಾಲ್ಕು ತಿಂಗಳು ನೋಡುತ್ತಲೇ ಇದ್ದ. ಹೋಗುವಾಗ ಹೊಸ ಕೀಬೋರ್ಡಿನಲ್ಲೂ ಟ್ಯಾಬ್ ಕೀಲಿ ಇಲ್ಲದ್ದನ್ನು ಕಂಡು, ಪೆನ್ಸಿಲನ್ನು ಇನ್ನೊಂದು ಕೊನೆಗೆ ಕಚ್ಚಿಕೊಂಡ.

ಈಗ ಅಜ್ಜಿಯ ವಿಷಯ ಹೇಳಬೇಕು. ಅಜ್ಜಿ ಅಂದರೆ ಪಟ್ಟಿಯ ಮೊದಲನೇ ಬಸ್ಸು, ಡಿಪೋದಲ್ಲಿ ಎಲ್ಲಕ್ಕಿಂತ ಹಳೇದು. ಹಾರ್ನು ಬಿಟ್ಟು ಉಳಿದೆಲ್ಲ ಸದ್ದು ಮಾಡುತ್ತಿತ್ತು. ಇಳಿಜಾರಿನಲ್ಲಿ ಹೊಗೆ ಮುಂದೆ ಹೋಗುತ್ತಿತ್ತು, ಬಸ್ಸು ಹಿಂದೆ ಬರುತ್ತಿತ್ತು. ವರ್ಷದಲ್ಲಿ ಮುನ್ನೂರು ದಿನ ರಿಪೇರಿ ಶೆಡ್ಡಿನಲ್ಲಿ ಮಲಗಿರುವುದು. ಅದರ ಚೀಟಿ ಸಿಕ್ಕ ಡ್ರೈವರು ಅಂಗಳವೆಲ್ಲ ಹುಡುಕಿ, ಬಸ್ಸು ಕಾಣದೆ, ಮ್ಯಾನೇಜರ ಕೋಣೆಗೆ ಹೋಗಿ ಗಲಾಟೆ ಮಾಡುವುದು ದಿನದ ಪಾಡು. ಮ್ಯಾನೇಜರಿಗೆ ಸಾಕಾಗಿ, "ಬಸ್ಸು ಶೆಡ್ಡಿನಲ್ಲಿದ್ದರೆ ಚೀಟಿಯಲ್ಲೇ 'ಶೆಡ್ಡಿನಲ್ಲಿದೆ, ಕಾಯಿರಿ' ಅಂತ ಬರೋ ಹಾಗೆ ಮಾಡಿ" ಅಂತ ಮೂರಕ್ಕನಿಗೆ ಆಜ್ಞೆ ಮಾಡಿದರು.

ಎರಡೇ ಸಾಲಿನ ಕೆಲಸ. ಅಲ್ಲಿಯವರೆಗೆ ಹೊಸ ಎಡಿಟರಿನಲ್ಲಿ ಬೇರೆ ಸಣ್ಣಪುಟ್ಟ ಪಟ್ಟಿಗಳನ್ನು ಮಾತ್ರ ತಿದ್ದಿದ್ದಳು; ಡ್ಯೂಟಿ ಪ್ರೋಗ್ರಾಮನ್ನು ಅದರಲ್ಲಿ ತೆರೆದದ್ದು ಅದೇ ಮೊದಲು. ಒಂದು ಸಂಜೆ ಐದೂವರೆಗೆ ಕೂತು ಎರಡು ಸಾಲು ಸೇರಿಸಿದಳು. ಮೂರು ಸಲ ಓದಿದಳು. ಎರಡೂ ಸರಿ. ಉಳಿಸಿ, ಯಂತ್ರಕ್ಕೆ ಒಪ್ಪಿಸಿ, ಸೈಕಲ್ ಹತ್ತಿ ಮನೆಗೆ ಹೋದಳು.

ಮಾರನೆಯ ಬೆಳಿಗ್ಗೆ ಐದೂವರೆ. ನಾನು ಗೇಟಿನಲ್ಲಿ ಪೆನ್ನು ಹಿಡಿದು ಕೂತಿದ್ದೇನೆ, ಒಂದು ಬಸ್ಸೂ ಹೊರಡುತ್ತಿಲ್ಲ. ಎದ್ದು ಅಂಗಳಕ್ಕೆ ಹೋದರೆ ಜಾತ್ರೆ. ಅಜ್ಜಿಯ ಸುತ್ತ ನಲವತ್ತೆರಡು ಡ್ರೈವರುಗಳು. ಎಲ್ಲರ ಕೈಯಲ್ಲೂ ಅವಳ ಚೀಟಿ. ಹನ್ನೊಂದು ವರ್ಷದಲ್ಲಿ ಯಾರೂ ತಿರುಗಿ ನೋಡದ ಮುದುಕಿಗೆ ಒಂದೇ ಬೆಳಿಗ್ಗೆ ನಲವತ್ತೆರಡು ಗಂಡುಗಳು ಸಾಲುಗಟ್ಟಿದ್ದರು. ಅಪರೂಪಕ್ಕೆ ಅವತ್ತು ಅವಳ ಆರೋಗ್ಯವೂ ನೆಟ್ಟಗಿತ್ತು. ಶೆಡ್ಡಿನಿಂದ ಹಿಂದಿನ ದಿನವೇ ಎದ್ದು ಬಂದಿದ್ದಳು.

ಡ್ರೈವರುಗಳಲ್ಲಿ ಹಿರಿಯ ಹಾರ್ನಣ್ಣ. ಅವನ ಗಂಟಲಿದ್ದರೆ ಬಸ್ಸಿಗೆ ಹಾರ್ನು ಬೇಡ ಅಂತ ಆ ಹೆಸರು.

"ಟೈಮಣ್ಣಾ," ಅಂತ ನನ್ನನ್ನು ಕೂಗಿದ, "ಸ್ಟಿಯರಿಂಗ್ ಒಂದೇ ಇದೆ. ಒಬ್ಬೊಬ್ಬರು ಎಷ್ಟೆಷ್ಟು ಹೊತ್ತು ತಿರುಗಿಸಬೇಕು ಅಂತ ನಿಮ್ಮ ನಾದಿನಿ ಬರೆದಿಲ್ಲವಲ್ಲ!"

ಇನ್ನೊಬ್ಬ, "ನಾನು ಬ್ರೇಕ್ ನೋಡ್ಕೋತೀನಿ" ಅಂದ.

"ಇದಕ್ಕೆ ಬ್ರೇಕ್ ಎಲ್ಲಿದೆಯೋ? ಇವತ್ತು ರಜೆ ನಿನಗೆ."

ನಗುವುದಕ್ಕೆ ಅವರಿಗೆ ಸುಲಭ. ಹೊರಗೆ ರಸ್ತೆಯಲ್ಲಿ ಎರಡು ಸಾವಿರ ಜನ ಬಸ್ಸಿಗೆ ಕಾಯುತ್ತಿದ್ದರು. ನಾನು ಫೋನು ಮಾಡಿದೆ. ಮೂರಕ್ಕ ತಲೆ ಬಾಚದೆ, ಒಂದು ಕಾಲಿಗೆ ತನ್ನ ಚಪ್ಪಲಿ ಇನ್ನೊಂದಕ್ಕೆ ತನ್ನ ಗಂಡನ ಚಪ್ಪಲಿ ಹಾಕಿಕೊಂಡು, ಹನ್ನೊಂದು ನಿಮಿಷಕ್ಕೆ ಸೈಕಲ್ಲಿನಲ್ಲಿ ಬಂದಳು. ಬಂದವಳೇ ತಿದ್ದುವ ಮೊದಲಿನ ಪ್ರೋಗ್ರಾಮನ್ನು ವಾಪಸು ಹಾಕಿ ಹೊಸ ಚೀಟಿ ಮುದ್ರಿಸಿದಳು. ಏಳು ಇಪ್ಪತ್ತಕ್ಕೆ ಮೊದಲ ಬಸ್ಸು ಹೊರಟಿತು. ನನ್ನ ಪುಸ್ತಕದಲ್ಲಿ ನಲವತ್ತೆರಡು ಕೆಂಪು ಗೆರೆ ಬಿದ್ದವು.

ಒಂಬತ್ತಕ್ಕೆ ಮ್ಯಾನೇಜರು ಕರೆಸಿದರು. ಹಳೇ ನೌಕರನೆಂದು ನನ್ನನ್ನೂ. ಮ್ಯಾನೇಜರು ಕೆಟ್ಟವರಲ್ಲ, ಕೂಗುವವರೂ ಅಲ್ಲ. ಕೂಗುವವರಾದರೆ ಒಂದು ನಮೂನೆ. ಇವರು ಮೆತ್ತಗೆ ಮಾತಾಡುವವರು, ಕೇಳಲು ನಾವೇ ಬಾಗಬೇಕು, ಬಾಗಿದ ಮೇಲೆ ತಪ್ಪೊಪ್ಪಿಕೊಂಡ ಹಾಗೇ ಕಾಣುತ್ತೇವೆ. ಅವರ ಮೇಜಿನ ಮೇಲೆ ಒಂದು ಕಾಗದವಿತ್ತು. ಹೊರಗಿನ ಯಾವುದೋ ಕಂಪನಿಯ ಸಿದ್ಧ ಪ್ರೋಗ್ರಾಮು ತರಿಸುವುದು, ಮೂರಕ್ಕನದನ್ನು ತೆಗೆಯುವುದು, ಅವಳನ್ನು ಕಳೆದುಹೋದ ಸಾಮಾನಿನ ಕಿಟಕಿಗೆ ಹಾಕುವುದು. ಸಹಿಯೊಂದು ಬಾಕಿ.

ಕಳೆದುಹೋದ ಸಾಮಾನಿನ ಕಿಟಕಿ ಅಂದರೆ ಅಂಗಳದ ಮೂಲೆಯಲ್ಲಿ ಮುನ್ನೂರು ಕೊಡೆಗಳ ನಡುವೆ ಒಂದು ಸ್ಟೂಲು. ಹಿಂದೆ ಅಲ್ಲಿಗೆ ಹಾಕಿದ ಒಬ್ಬ ಗುಮಾಸ್ತನನ್ನು ಕೇಳಿಕೊಂಡು ಯಾರೂ ಬರಲಿಲ್ಲವಂತೆ. ಕೊಡೆಗಳ ಜೊತೆ ಅವನನ್ನೂ ವರ್ಷಕ್ಕೊಮ್ಮೆ ಎಣಿಸುತ್ತಿದ್ದರಂತೆ.

"ಹಳೇದು ಹಾಕಿ ಬಸ್ಸು ಬಿಟ್ಟಿರಿ, ಸರಿ," ಅಂದರು ಮ್ಯಾನೇಜರು. "ಆದರೆ ಯಾಕಾಯ್ತು?"

"ಗೊತ್ತಿಲ್ಲ ಸಾರ್. ನಾನು ಸೇರಿಸಿದ ಎರಡು ಸಾಲೂ ಸರಿ ಇದೆ."

"ಯಾಕಾಯ್ತು ಅಂತಲೇ ಗೊತ್ತಿಲ್ಲ ಅಂದರೆ ನಾಳೆ ಆಗಲ್ಲ ಅಂತ ಹೇಗೆ ಹೇಳ್ತೀರಿ? ನಾಲ್ಕು ಗಂಟೆವರೆಗೆ ನೋಡಿ. ಕಾರಣ ಬಂದರೆ ಮಾತಾಡೋಣ. ಬರಲಿಲ್ಲ ಅಂದರೆ ನಾನು ಸಹಿ ಮಾಡ್ತೀನಿ. ನನಗೂ ಮೇಲಿನವರಿದ್ದಾರಮ್ಮ."

ಕೋಣೆಗೆ ಬಂದು ಯಂತ್ರ ರಿಪೇರಿಯವನನ್ನು ಕೂರಿಸಿಕೊಂಡಳು. ನಿನ್ನೆಗೂ ಇವತ್ತಿಗೂ ಯಾವ ಸಾಲು ಬದಲಾಗಿದೆ, ಬದಲಾಯಿಸಿದ್ದು ಯಾರು ಅಂತ ತೋರಿಸುವ ಒಂದು ದಾಖಲೆ ಯಂತ್ರದಲ್ಲಿ ಇರುತ್ತದೆ. ಅದನ್ನು ತೆಗೆದರೆ ಪರದೆಯ ತುಂಬ ಕೆಂಪು. ಎರಡು ಸಾವಿರದ ಮುನ್ನೂರ ಹದಿನಾರು ಸಾಲು, ಅಷ್ಟೂ ಬದಲಾಗಿವೆ. ಅಷ್ಟಕ್ಕೂ ಮುಂದೆ ಮೂರಕ್ಕನ ಹೆಸರು, ಹೊತ್ತು ಸಂಜೆ ಐದೂ ನಲವತ್ತು.

"ಹತ್ತು ನಿಮಿಷದಲ್ಲಿ ಎರಡು ಸಾವಿರ ಸಾಲು ಬದಲಾಯಿಸಿದ್ದೀರಾ ಮೇಡಂ?" ಅಂದ ಅವನು, ಪೆನ್ಸಿಲ್ ತೆಗೆದು.

"ನಾನು ಮುಟ್ಟಿದ್ದು ಎರಡು!"

ಆಗಿದ್ದಿಷ್ಟೇ. ಉಳಿಸುವಾಗ ಎಡಿಟರು ತಾನಾಗಿ ಎಲ್ಲ ಸಾಲುಗಳ ಮೂರು ಜಾಗವನ್ನೂ ನಾಲ್ಕು ಮಾಡಿಬಿಟ್ಟಿತ್ತು, ಪ್ರತಿ ಸಾಲಿಗೂ ಅವಳ ಹೆಸರಿನ ಮೊಹರು ಒತ್ತಿತ್ತು. ಕೋತಿ ಬೆಣ್ಣೆ ತಿಂದು ಮೇಕೆ ಬಾಯಿಗೆ ಒರೆಸಿದ ಕಥೆ. ಆದರೆ ಎಲ್ಲ ಸಾಲೂ ಒಂದೇ ಸಮ ಸರಿದರೆ ಯಾರ ಸಂಸಾರವೂ ಕೆಡುವುದಿಲ್ಲ. ಯಜಮಾನರ ಜೊತೆ ಮಕ್ಕಳೂ ಸರಿಯುತ್ತವೆ. ಹಾಗಾದರೆ ಎಲ್ಲೋ ಒಂದು ಸಾಲು ಜೊತೆ ತಪ್ಪಿದೆ. ಆದರೆ ಆ ಒಂದನ್ನು ಎರಡು ಸಾವಿರ ಕೆಂಪಿನಲ್ಲಿ ಹುಡುಕುವುದು ಹೇಗೆ?

"ತಡೀರಿ," ಅಂದ ರಿಪೇರಿಯವನು, "ಖಾಲಿ ಜಾಗದ ವ್ಯತ್ಯಾಸ ಬಿಟ್ಟು ಉಳಿದದ್ದು ತೋರಿಸು ಅಂತ ಕೇಳ್ತೀನಿ." ಕೇಳಿದ. ಕೆಂಪೆಲ್ಲ ಮಾಯ. ಎರಡೇ ಸಾಲು ಉಳಿದವು. ಅವಳು ಸೇರಿಸಿದ, ಅವಳು ಮೂರು ಸಲ ಓದಿದ, ಅಪ್ಪಟ ಸರಿಯಿದ್ದ ಅದೇ ಎರಡು. ಜಾಗ ಲೆಕ್ಕಕ್ಕೆ ಹಿಡಿದರೆ ಎಲ್ಲರೂ ಕಳ್ಳರು, ಬಿಟ್ಟರೆ ಕಳ್ಳನೇ ಇಲ್ಲ. ಅವನು ಕೈಚೆಲ್ಲಿ ಎದ್ದ. ಗಂಟೆ ಹನ್ನೆರಡೂವರೆ.

ನಾನು ತಂದ ಟೀಯನ್ನು ಅವಳು ಮುಟ್ಟಲಿಲ್ಲ. "ಭಾವ, ಆ ಕೊಡೆ ಕೋಣೆಗೆ ಕಿಟಕಿ ಎಷ್ಟು ದೊಡ್ಡದಿದೆ?" ಅಂತ ಕೇಳಿದಳು.

"ಕೈ ತೂರುತ್ತೆ. ತಲೆ ತೂರಲ್ಲ" ಅಂದೆ. ಸುಳ್ಳು ಹೇಳಬಹುದಿತ್ತು, ಜೀವನವೆಲ್ಲ ಹೇಳಿದವನಿಗೆ ಅವತ್ತೇ ನಾಲಿಗೆ ಕೈಕೊಟ್ಟಿತು.

ಅವಳು ಟೀ ಲೋಟವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಎದ್ದು ಬೀರು ತೆಗೆದಳು. ಪ್ರೆಸ್ಸಿನ ಚಾಳಿ, ಪ್ರತಿ ಸಲ ಪ್ರೋಗ್ರಾಮು ತಿದ್ದಿದಾಗಲೂ ಪೂರ್ತಿ ಕಾಗದದ ಮೇಲೆ ಮುದ್ರಿಸಿ ದಾರ ಹಾಕಿ ಹೊಲಿದಿಟ್ಟಿದ್ದಳು. ಹಿಂದಿನ ಸಲದ ಕಟ್ಟು ಐವತ್ತೆರಡು ಹಾಳೆ. ಕೆಟ್ಟ ಪ್ರೋಗ್ರಾಮನ್ನೂ ಮುದ್ರಿಸಿದಳು. ಎರಡನ್ನೂ ತಲೆಕೆಳಗು ಮಾಡಿ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು.

"ಇದ್ಯಾಕೆ?"

"ನೇರ ಇಟ್ಟರೆ ಕಣ್ಣು ಮಾತು ಓದೋಕೆ ಹೋಗುತ್ತೆ."

"ನೀನು ತಲೆಕೆಳಗಾಗಿಯೂ ಓದುತ್ತೀಯಲ್ಲ!"

"ಓದಲ್ಲ ಅಂತ ಹಟ ಹಿಡಿದಿದ್ದೀನಿ. ಮಾತಾಡಿಸಬೇಡಿ."

ಎರಡೂ ಕೈಯ ಹೆಬ್ಬೆರಳನ್ನು ಎರಡೂ ಹಾಳೆಯ ಅಂಚಿನ ಮೇಲಿಟ್ಟಳು. ಸಾಲುಗಳು ಶುರುವಾಗುವ ಕಡೆ ಹಲ್ಲುಹಲ್ಲಾಗಿ ಒಂದು ಮೆಟ್ಟಿಲಿನ ಆಕಾರ ಆಗಿರುತ್ತದಲ್ಲ, ಅದರ ಮೇಲೆ ಬೆರಳು ನಡೆಸುತ್ತ ಹೋದಳು. ಎಡಗೈ ಮೂರರ ಮೆಟ್ಟಿಲು, ಬಲಗೈ ನಾಲ್ಕರ ಮೆಟ್ಟಿಲು. ಮೆಟ್ಟಿಲು ದೊಡ್ಡದೋ ಚಿಕ್ಕದೋ, ಎರಡೂ ಕೈ ಒಟ್ಟಿಗೆ ಹತ್ತಬೇಕು, ಒಟ್ಟಿಗೆ ಇಳಿಯಬೇಕು. ಹಾಳೆ ತಿರುಗುವ ಸದ್ದು ಮಾತ್ರ. ನಾನು ಉಸಿರು ಬಿಗಿಹಿಡಿದು ಕೂತವನು ಹದಿನೈದನೇ ಹಾಳೆವರೆಗೂ ಬಿಡಲಿಲ್ಲ ಅಂದರೆ ನೀವು ನಂಬುವುದಿಲ್ಲ, ನಂಬಬೇಡಿ. ಮೂವತ್ತೊಂದನೇ ಹಾಳೆಯಲ್ಲಿ, ಹೊಸ ಎರಡು ಸಾಲು ದಾಟಿದ ಮೇಲೂ, ಬಲಗೈ ಒಂದು ಮೆಟ್ಟಿಲು ಮೇಲೆಯೇ ಉಳಿಯಿತು, ಎಡಗೈ ಹತ್ತಲೇ ಇಲ್ಲ.

ಹಾಳೆ ನೇರ ಮಾಡಿದಳು. ಓದಿದಳು. ಕುರ್ಚಿಗೆ ಒರಗಿದಳು.

ಮೊದಲು ಹೀಗಿತ್ತು: ಪ್ರತಿ ಡ್ರೈವರಿಗೂ ಹೀಗೆ ಮಾಡು, ಅವನ ಚೀಟಿಯಲ್ಲಿ ಬಸ್ಸು ಬರಿ, ಮುಂದಿನ ಬಸ್ಸು ತಗೋ. ನಡುವೆ ಅವಳು ಸೇರಿಸಿದ ಎರಡು ಸಾಲು: ಈ ಬಸ್ಸು ಶೆಡ್ಡಿನಲ್ಲಿದ್ದರೆ, ಅದರ ಒಳಗೆ, 'ಕಾಯಿರಿ' ಅಂತ ಬರಿ. ಎರಡನೆಯದನ್ನು ಬರೆದು ಎಂಟರ್ ಒತ್ತಿದಾಗ ಎಡಿಟರಿಗೆ ಸಹಾಯದ ಹುಕಿ ಬಂದಿತ್ತು. ಕೆಳಗೆ ತನ್ನ ಪಾಡಿಗೆ ತಾನಿದ್ದ 'ಮುಂದಿನ ಬಸ್ಸು ತಗೋ' ಅನ್ನುವ ಸಾಲನ್ನೂ ಒಂದು ಮೆಟ್ಟಿಲು ಒಳಗೆ ತಳ್ಳಿ, ಶೆಡ್ಡಿನ ಸಂಸಾರಕ್ಕೆ ಸೇರಿಸಿಬಿಟ್ಟಿತ್ತು. ಈಗ ಅರ್ಥ ಏನಾಯಿತು? ಬಸ್ಸು ಶೆಡ್ಡಿನಲ್ಲಿದ್ದರೆ ಮಾತ್ರ ಮುಂದಿನ ಬಸ್ಸು ತಗೋ. ಪಟ್ಟಿಯ ಮೊದಲ ಬಸ್ಸು ಅಜ್ಜಿ. ಅವತ್ತು ಅವಳು ಆರೋಗ್ಯವಾಗಿದ್ದಳು. ಹಾಗಾಗಿ ಮುಂದಿನ ಬಸ್ಸಿನ ಮಾತೇ ಬರಲಿಲ್ಲ. ನಲವತ್ತೆರಡು ಜನಕ್ಕೂ ಅಜ್ಜಿಯೇ ಗತಿ. ಆಯುಷ್ಯದಲ್ಲಿ ಒಂದು ದಿನ ನೆಟ್ಟಗಿದ್ದ ತಪ್ಪಿಗೆ ಪಾಪ ಮುದುಕಿ ಇಷ್ಟು ದೊಡ್ಡ ಅವಾಂತರಕ್ಕೆ ಗುರಿಯಾದಳು.

"ಸಿಕ್ಕಿತಲ್ಲ, ನಡಿ. ಎಡಿಟರಿನ ಜುಟ್ಟು ಹಿಡಿದು ಮ್ಯಾನೇಜರ ಮುಂದೆ ನಿಲ್ಲಿಸು" ಅಂದೆ. ಗಂಟೆ ಮೂರೂಮುಕ್ಕಾಲು.

ಅವಳು ಮೂವತ್ತೊಂದನೇ ಹಾಳೆ ಹಿಡಿದುಕೊಂಡು ಹೋದಳು. ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದಿಟ್ಟುಕೊಂಡೇ ಕೇಳಿಸಿಕೊಂಡರು. ಯಜಮಾನ, ಸಂಸಾರ, ಮನೆ ಅಳಿಯ ಎಲ್ಲ ಅವರಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಅವರೂ ಮಾವನ ಮನೆಯಲ್ಲೇ ಇದ್ದವರು.

"ಅಂದರೆ ತಪ್ಪು ಆ ಎಡಿಟರಿನದು" ಅಂದರು.

ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಹಿಂದಿನಿಂದ ಅವಳ ಸೆರಗು ಎಳೆಯುವಷ್ಟು ಹತ್ತಿರ ನಿಂತಿದ್ದೆ.

"ತಳ್ಳಿದ್ದು ಅದು ಸಾರ್. ನೋಡದೇ ಇದ್ದದ್ದು ನಾನು," ಅಂದಳು. "ನಾನು ಮುಟ್ಟಿದ ಸಾಲು ಮಾತ್ರ ಓದಿದೆ. ಕೆಳಗಿನದು ಓದಲಿಲ್ಲ. ಮುಟ್ಟದ ಸಾಲು ಅಲ್ಲಾಡಲ್ಲ ಅಂತ ಮೂವತ್ತು ವರ್ಷದಿಂದ ನಂಬಿಕೊಂಡಿದ್ದೀನಿ."

"ಇನ್ನು ಮೇಲೆ?"

"ಕೆಳಗಿನದೂ ಓದ್ತೀನಿ."

ಮ್ಯಾನೇಜರು ಕಾಗದ ನೋಡಿದರು, ಹಾಳೆ ನೋಡಿದರು, ಆಮೇಲೆ ಅವಳ ಕಾಲು ನೋಡಿದರು. ಬೆಳಗಿನ ಜೋಡಿ ತಪ್ಪಿದ ಚಪ್ಪಲಿ ಹಾಗೇ ಇತ್ತು. "ನಾಳೆ ಬೆಳಿಗ್ಗೆ ನಿಮ್ಮ ಆ ಎರಡು ಸಾಲೂ ಹಾಕಿ ಚೀಟಿ ತೆಗೀರಿ. ಐದೂವರೆಗೆ ನಾನೇ ಗೇಟಿನಲ್ಲಿ ನಿಂತಿರ್ತೀನಿ. ನಲವತ್ತೆರಡು ಜನ ನಲವತ್ತೆರಡು ಕಡೆ ಹೋದರೆ ಇದು ಡ್ರಾಯರಿಗೆ. ಇಲ್ಲದಿದ್ದರೆ ಅಲ್ಲೇ ನಿಂತು ಸಹಿ" ಅಂದರು.

ರಿಪೇರಿಯವನಿಗೆ ಅಂದು ಸಂಜೆಯೇ ಆ ಸ್ವಿಚ್ ಸಿಕ್ಕಿಬಿಟ್ಟಿತು. ನಾಲ್ಕು ತಿಂಗಳು ಸಿಗದ್ದು, ಮ್ಯಾನೇಜರು ಒಂದು ಸಲ ಮೆತ್ತಗೆ ಕೇಳಿದ್ದಕ್ಕೆ ಆರು ನಿಮಿಷದಲ್ಲಿ ಸಿಕ್ಕಿತು. "ನಾಲ್ಕನ್ನೆಲ್ಲ ಒಂದೇ ಏಟಿಗೆ ಮೂರು ಮಾಡಿಕೊಡ್ತೀನಿ ಮೇಡಂ" ಅಂತ ಉದಾರವಾಗಿ ಕೈ ಚಾಚಿದ. ಅವಳು ಕೀಬೋರ್ಡು ತನ್ನ ಕಡೆಗೆ ಎಳೆದುಕೊಂಡು, "ಒಂದೇ ಏಟಿನ ಸಹಾಯ ಸಾಕು. ಹಿಂದಿನ ಪ್ರತಿ ಇದೆ, ಅದಕ್ಕೆ ಎರಡು ಸಾಲು ನಾನೇ ಸೇರಿಸ್ತೀನಿ" ಅಂದಳು. ಸೇರಿಸಿದಳು. ಆ ಎರಡನ್ನು ಓದಿದಳು, ಮೇಲಿನದನ್ನು ಓದಿದಳು, ಕೆಳಗಿನದನ್ನು ಓದಿದಳು. ಆಮೇಲೆ ಐವತ್ತೆರಡೂ ಹಾಳೆ ಮುದ್ರಿಸಿ, ತಲೆಕೆಳಗು ಮಾಡಿ, ಹೆಬ್ಬೆರಳು ನಡೆಸಿದಳು. ಅದಾದ ಮೇಲೆಯೇ ಸೈಕಲ್ ಹತ್ತಿದ್ದು.

ಬೆಳಿಗ್ಗೆ ಮ್ಯಾನೇಜರು ಬಂದು ನನ್ನ ಪಕ್ಕ ನಿಂತರು. ಕಾಗದ ಜೇಬಿನಲ್ಲಿ, ಪೆನ್ನು ಕೈಯಲ್ಲಿ. ಅಂಗಳದ ಆಚೆ ಮೂರಕ್ಕ ಚೀಟಿಗಳ ಹಲಗೆಯ ಕೆಳಗೆ ನಿಂತಿದ್ದಳು, ಯಾರ ಮುಖವನ್ನೂ ನೋಡದೆ. ಡ್ರೈವರುಗಳು ಚೀಟಿ ತೆಗೆದುಕೊಂಡರು. ಹಾರ್ನಣ್ಣ ತನ್ನದನ್ನು ಓದಿದ, ಪಕ್ಕದವನದನ್ನು ಓದಿದ. ಒಬ್ಬ ಎಡಕ್ಕೆ ಹೊರಟ, ಒಬ್ಬ ಬಲಕ್ಕೆ. ಐದೂ ಮೂವತ್ತೆರಡಕ್ಕೆ ಮೊದಲ ಬಸ್ಸು ಗೇಟು ದಾಟಿತು. ನಾನು ಬರೆಯುತ್ತ ಹೋದೆ, ಮ್ಯಾನೇಜರು ಬೆರಳು ಮಡಿಸಿ ಎಣಿಸುತ್ತ ಹೋದರು. ನಲವತ್ತೊಂದಕ್ಕೆ ಬಂದು ನಿಂತರು.

"ಇನ್ನೊಬ್ಬ?"

ಇನ್ನೊಬ್ಬ ಶೆಡ್ಡಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದ. ಮ್ಯಾನೇಜರು ಹೋಗಿ ಅವನ ಕೈಯ ಚೀಟಿ ಇಸಿದುಕೊಂಡು ಓದಿದರು: ಬಸ್ಸು ಒಂದು. ಶೆಡ್ಡಿನಲ್ಲಿದೆ, ಕಾಯಿರಿ. ಒಳಗೆ ಅಜ್ಜಿ ಇಂಜಿನ್ನು ಬಿಚ್ಚಿಸಿಕೊಂಡು ಮಲಗಿದ್ದಳು. ಹಿಂದಿನ ದಿನದ ಸಡಗರ ಆ ವಯಸ್ಸಿಗೆ ತಡೆದಿರಲಿಲ್ಲ. ಮ್ಯಾನೇಜರು ಪೆನ್ನಿಗೆ ಮುಚ್ಚಳ ಹಾಕಿದರು.

ಆ ಕಾಗದವನ್ನು ಅವರು ಹರಿಯಲಿಲ್ಲ, ಸಹಿಯನ್ನೂ ಮಾಡಲಿಲ್ಲ. ಡ್ರಾಯರಿನಲ್ಲಿ ಹಾಗೇ ಇದೆ ಅಂತ ಕೇಳಿದ್ದೇನೆ. ನಾನು ಆ ವರ್ಷ ನಿವೃತ್ತನಾದೆ. ಮೂರಕ್ಕ ಅದೇ ಕೋಣೆಯಲ್ಲಿ, ಅದೇ ಮೂರರಲ್ಲಿ ಇದ್ದಾಳೆ. ಈಗ ನಮ್ಮ ಮನೆಗೆ ಬಂದರೂ ನನ್ನ ಹೆಂಡತಿ ಸಾಮಾನಿನ ಚೀಟಿಗೆ ಒಂದು ಪದಾರ್ಥ ಸೇರಿಸಿದರೆ ಸಾಕು, ಚೀಟಿ ಪೂರ್ತಿ ಇನ್ನೊಂದು ಸಲ ಓದುತ್ತಾಳೆ.

ಮೊನ್ನೆ ಡಿಪೋ ಕಡೆ ಹೋಗಿದ್ದೆ. ಹಾರ್ನಣ್ಣ ಚೀಟಿ ಹಿಡಿದು ಅವಳ ಬಾಗಿಲಲ್ಲಿ ನಿಂತಿದ್ದ, ದಿನವೂ ನಿಲ್ಲುತ್ತಾನಂತೆ.

"ಮೂರಕ್ಕಾ, ಕೆಳಗಿನ ಸಾಲು ನೋಡಿದ್ಯಾ?"

"ನೋಡಿದ್ದೀನಿ, ಹೋಗಿ ಬಸ್ಸು ತೆಗಿ."

"ಅದರ ಕೆಳಗಿನದು?"

ಒಳಗಿನಿಂದ ಟಕ್ ಟಕ್ ಟಕ್ ಅಂತ ಮೂರು ಸಲ ಕೇಳಿಸಿತು.